ಕಷಾಯದ ಪೊಟ್ಟಣವೂ ತಕ್ಕಡಿಯ ಮುಳ್ಳೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ತೂಕ ಇಳಿಯುವುದೆಂದರೆ ಏನೆಂಬುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಬಲಿತ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಪೇರಿಸಿ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿಹೋಗುತ್ತದೆ. ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಕಾಯಿಯನ್ನು ಅಲುಗಿಸಿದಾಗ ಒಳಗೆ ಲೊಟಲೊಟನೆ ಸದ್ದಾಗುತ್ತದೆ. ಉಂಡೆ ಕೊಬ್ಬರಿ ಸಿದ್ಧವಾಯಿತೆಂಬುದಕ್ಕೆ ಅದೇ ಗುರುತು. ಹಸಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧಭಾಗ ನೀರು. ಎಣ್ಣೆ ಮೂರರಲ್ಲೊಂದು ಪಾಲಿನಷ್ಟು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಾದರೋ ನೀರು ನೂರಕ್ಕೆ 6ರಷ್ಟು, ಎಣ್ಣೆ ನೂರಕ್ಕೆ 65ರ ಸುಮಾರು. ಎಣ್ಣೆ ಎಲ್ಲಿಂದಲೂ ಬಂದು ಸೇರಿದ್ದಲ್ಲ. ನೀರು ಹೋಯಿತು, ಎಣ್ಣೆ ಇದ್ದಷ್ಟೂ ಉಳಿಯಿತು. ತಕ್ಕಡಿಯ ಮುಳ್ಳು ಕೆಳಗಿಳಿಯಿತೆಂದು ಕೊಬ್ಬರಿಯ ಕೊಬ್ಬು ಕರಗಿತೆಂದು ಹೇಳುವ ವರ್ತಕನನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಯಾರೂ ನಂಬಲಾರರು.

ಆದರೆ ಮನುಷ್ಯದೇಹದ ವಿಚಾರ ಬಂದಾಗ ಇದೇ ಮಾತನ್ನು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಈಚಿನ ವರ್ಷಗಳಲ್ಲಿ ಪೇಟೆಯ ಅಂಗಡಿಗಳಿಗೂ, ಅಂಚೆಯ ಮೂಲಕ ಹಳ್ಳಿಯ ಮನೆಗಳಿಗೂ ‘ಡಿಟಾಕ್ಸ್ ಟೀ’ ಎಂಬ ಹೆಸರಿನ ಪೊಟ್ಟಣಗಳು ಬಂದು ಸೇರುತ್ತಿವೆ. ಕೈಯಲ್ಲಿರುವ ದೂರವಾಣಿಯ ತೆರೆಯ ಮೇಲೆ ಇವುಗಳ ಜಾಹೀರಾತು ಬಿಡುವಿಲ್ಲದೆ ಸುಳಿಯುತ್ತದೆ. ಜಾಹೀರಾತುಗಳು ಹೇಳುವುದು ಸಾಮಾನ್ಯವಾಗಿ ಮೂರು ಮಾತು: ಇದು ದೇಹದಲ್ಲಿ ಸೇರಿಕೊಂಡ ವಿಷವನ್ನು ತೊಳೆಯುತ್ತದೆ, ತೂಕವನ್ನು ಇಳಿಸುತ್ತದೆ, ದಿನವಿಡೀ ಚೈತನ್ಯವನ್ನು ಕೊಡುತ್ತದೆ. ಈ ಮೂರಕ್ಕೂ ಹಿನ್ನೆಲೆಯಾಗಿ ನಾಲ್ಕನೆಯದೊಂದು ಮಾತಿದೆ. ಇದು ಸಸ್ಯಜನ್ಯವಾದುದು, ಆದ್ದರಿಂದ ಅಪಾಯವಿಲ್ಲ ಎಂಬುದು. ವಾಚಕರನ್ನು ಅತಿ ಹೆಚ್ಚು ಮೋಸಗೊಳಿಸುವುದು ಈ ನಾಲ್ಕನೆಯ ಮಾತೇ ಎಂದು ನಮ್ಮ ಅಭಿಪ್ರಾಯ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಲೇಸು. ಮನೆಯಲ್ಲಿ ಧನಿಯ, ಜೀರಿಗೆ, ಶುಂಠಿ ಹಾಕಿ ಕುದಿಸುವ ಕಷಾಯದ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಅದರಲ್ಲಿ ಏನು ಬಿದ್ದಿದೆ, ಎಷ್ಟು ಬಿದ್ದಿದೆ ಎಂಬುದು ಕುದಿಸಿದವರಿಗೆ ಗೊತ್ತಿರುತ್ತದೆ. ಪೊಟ್ಟಣದ ವಿಚಾರ ಹಾಗಲ್ಲ.

ವಿಷವೆಲ್ಲಿದೆ?

ವಿಷವನ್ನು ತೊಳೆಯುತ್ತೇವೆನ್ನುವವರು ಯಾವ ವಿಷವನ್ನು ತೊಳೆಯುತ್ತಾರೆ ಎಂದು ಕೇಳಿದರೆ ಉತ್ತರ ದೊರೆಯುವುದು ಅಪೂರ್ವ. ದೇಹದಲ್ಲಿ ತ್ಯಾಜ್ಯ ಹುಟ್ಟುತ್ತದೆಂಬುದು ನಿಜ. ನಾವು ತಿಂದ ಬೇಳೆಯ ಪ್ರೋಟೀನು ಜೀರ್ಣವಾಗಿ ಬಳಕೆಯಾದ ಬಳಿಕ ಅಮೋನಿಯ ಉಳಿಯುತ್ತದೆ. ಅದು ಮೆದುಳಿಗೆ ನಿಜವಾದ ವಿಷ. ಪಿತ್ತಜನಕಾಂಗವು ಅದನ್ನು ಹಿಡಿದು ಯೂರಿಯವೆಂಬ ನಿರಪಾಯವಾದ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಸವೆದುಹೋದ ರಕ್ತಕಣಗಳಿಂದ ಬರುವ ಹಳದಿಯ ಬಣ್ಣವನ್ನೂ ಅದೇ ಅಂಗ ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ವಯಸ್ಕನಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಈ ಅಂಗದ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಹಾದುಹೋಗುತ್ತದೆ. ಇನ್ನು ಮೂತ್ರಪಿಂಡಗಳೆರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಒಪ್ಪಿಸಿ, ಉಳಿದ ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಈ ಕೆಲಸ ಹಗಲಿರುಳೂ ನಡೆಯುತ್ತದೆ. ಇದನ್ನು ಚುರುಕುಗೊಳಿಸುವ ಎಲೆಯಾವುದೂ ಪ್ರಯೋಗದಲ್ಲಿ ಸಿದ್ಧಪಟ್ಟಿಲ್ಲ. ಇದಕ್ಕಿಂತ ಚೋದ್ಯವಾದ ಸಂಗತಿಯೆಂದರೆ, ಪೊಟ್ಟಣದೊಳಗಿನ ಎಲೆ, ಬೇರು, ತೊಗಟೆಗಳ ರಾಸಾಯನಿಕಗಳನ್ನು ಸಂಸ್ಕರಿಸಿ ಹೊರಹಾಕುವ ಹೊರೆಯೂ ಇದೇ ಎರಡು ಅಂಗಗಳ ಮೇಲೆ ಬೀಳುತ್ತದೆ. ತೊಳೆಯುವ ನೀರೇ ಕೆಸರಾದರೆ ಪಾತ್ರೆಯ ಗತಿಯೇನು?

ಸೋನಾಮುಖಿಯ ಕೆಲಸ

ಹಾಗಾದರೆ ಚಹಾ ಕುಡಿದ ಮೂರು ದಿನಗಳಲ್ಲಿ ಎರಡು ಕಿಲೋ ಇಳಿಯಿತೆಂದು ಹೇಳುವವರು ಸುಳ್ಳಾಡುತ್ತಾರೆಯೇ? ಇಲ್ಲ, ಅವರ ತಕ್ಕಡಿ ಸರಿಯಾಗಿಯೇ ಇದೆ. ಇಂಥ ಅನೇಕ ಮಿಶ್ರಣಗಳ ಬಲ ಸೋನಾಮುಖಿಯ ಎಲೆಯಲ್ಲಿದೆ. ನೆಲಾವರಿಕೆಯೆಂದೂ ಇದನ್ನು ಕರೆಯುವುದುಂಟು. ತಮಿಳುನಾಡಿನ ತಿರುನೆಲ್ವೇಲಿಯ ಕಡೆ ಇದನ್ನು ಬೆಳೆದು ಹೊರದೇಶಗಳಿಗೆ ಕಳುಹಿಸುತ್ತಾರೆ. ನಮ್ಮ ಬದುಗಳ ಮೇಲೆ ಹಳದಿಯ ಹೂ ಬಿಟ್ಟು ನಿಲ್ಲುವ ಆವರಿಕೆ, ಅಂದರೆ ತಂಗಡಿ, ಇದರ ಹತ್ತಿರದ ಬಂಧು.

ಸೋನಾಮುಖಿಯಲ್ಲಿರುವ ಸೆನ್ನೋಸೈಡುಗಳೆಂಬ ವಸ್ತುಗಳು ಜಠರದಲ್ಲಾಗಲಿ ಸಣ್ಣ ಕರುಳಿನಲ್ಲಾಗಲಿ ಹೆಚ್ಚೇನೂ ಮಾಡುವುದಿಲ್ಲ. ದೊಡ್ಡ ಕರುಳನ್ನು ಮುಟ್ಟಿದ ಮೇಲೆ ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಒಡೆದು ಚುರುಕಾದ ರೂಪಕ್ಕೆ ತರುತ್ತವೆ. ಆಗ ಕರುಳು ಬಿರುಸಾಗಿ ಹಿಂಡಿಕೊಳ್ಳುತ್ತದೆ, ನೀರನ್ನು ಹೀರಿಕೊಳ್ಳುವ ಬದಲು ಬಿಟ್ಟುಕೊಡುತ್ತದೆ. ರಾತ್ರಿ ಕುಡಿದ ಚಹಾ ಬೆಳಗಿನ ಜಾವ ಕೆಲಸ ಮಾಡುವುದು ಇದರಿಂದಲೇ. ಮಲಬದ್ಧತೆಗೆ ಒಂದೆರಡು ದಿನ, ಹೆಚ್ಚೆಂದರೆ ಒಂದು ವಾರ, ಇದು ಒಳ್ಳೆಯ ಔಷಧ, ವೈದ್ಯರೂ ಕೊಡುತ್ತಾರೆ. ಆದರೆ ಆಹಾರದ ಸಾರವೆಲ್ಲ ಸಣ್ಣ ಕರುಳಿನಲ್ಲಿ ಅದಾಗಲೇ ರಕ್ತಕ್ಕೆ ಸೇರಿಹೋಗಿರುತ್ತದೆ ಎಂಬುದನ್ನು ಗಮನಿಸಬೇಕು. ಊರ ಸಂತೆ ಮುಗಿದ ಮೇಲೆ ಬಾಗಿಲು ಹಾಕಿದಂತೆ ವಿರೇಚಕದ ಆರ್ಭಟ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿರೇಚಕದಿಂದ ನಾಲ್ಕರಿಂದ ಆರು ಲೀಟರಿನಷ್ಟು ಭೇದಿಯಾಗಿದ್ದರೂ, ಆಹಾರದ ಶಕ್ತಿಯಲ್ಲಿ ದೇಹಕ್ಕೆ ದಕ್ಕದೆಹೋದುದು ನೂರಕ್ಕೆ 12ರಷ್ಟು ಮಾತ್ರವೆಂದು ಕಂಡುಬಂದಿತು.

ಲೆಕ್ಕ ಹಾಕಿ ನೋಡೋಣ. ದೇಹದ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲೊರಿಗಳಷ್ಟು ಶಕ್ತಿ ವ್ಯಯವಾಗಬೇಕು. ಎರಡು ಕಿಲೋಗೆ 15,400. ಸಾಧಾರಣ ಕೆಲಸದ ವ್ಯಕ್ತಿ ದಿನಕ್ಕೆ 2,000 ಕಿಲೋಕ್ಯಾಲೊರಿ ಖರ್ಚುಮಾಡುತ್ತಾನೆಂದರೆ, ಮೂರು ದಿನ ಮುದ್ದೆಯನ್ನೂ ಮುಟ್ಟದೆ ನಿರಾಹಾರನಾಗಿದ್ದರೂ 6,000ವನ್ನು ಮೀರಲಾರದು. ಉಳಿದುದೆಲ್ಲ ಎಲ್ಲಿಂದ ಬಂತು? ನೀರಿನಿಂದ. ಒಂದು ಲೀಟರು ನೀರು ಒಂದು ಕಿಲೋ. ಅಟ್ಟದ ಮೇಲಿನ ಕಾಯಿಗೆ ಆದುದೇ ಇಲ್ಲಿಯೂ ಆಗಿದೆ. ಭೇದವಿಷ್ಟೆ, ಕಾಯಿ ಒಣಗಿದರೆ ಬೆಲೆ ಬರುತ್ತದೆ. ಚಹಾ ನಿಲ್ಲಿಸಿದ ಕೂಡಲೇ ದೇಹ ಬೆದರಿದಂತೆ ಉಪ್ಪನ್ನೂ ನೀರನ್ನೂ ಬಿಗಿಹಿಡಿದು ಕೂಡಿಡುತ್ತದೆ. ಕೆಲವರಿಗೆ ಕಾಲು, ಮುಖ ಊದಿಕೊಳ್ಳುವುದೂ ಉಂಟು. ಕುಡಿಯುವವರು ಇದನ್ನು ಕೊಬ್ಬು ಮರಳಿತೆಂದು ಭಾವಿಸಿ ಮತ್ತೊಂದು ಪೊಟ್ಟಣಕ್ಕೆ ಕೈಹಾಕುತ್ತಾರೆ. ವ್ಯಾಪಾರ ನಡೆಯುವುದೇ ಹೀಗೆ.

ನೀರಿನೊಡನೆ ಹೋಗುವುದು ಬರಿಯ ನೀರಾಗಿದ್ದರೆ ಚಿಂತೆಯಿರಲಿಲ್ಲ. ಪೊಟ್ಯಾಸಿಯಂ ಎಂಬ ಲವಣವೂ ಹೋಗುತ್ತದೆ. ಸ್ನಾಯುಗಳು ಬಿಗಿಯುವುದಕ್ಕೂ ಹೃದಯ ತಾಳತಪ್ಪದೆ ಬಡಿಯುವುದಕ್ಕೂ ಅದು ಬೇಕು. ರಕ್ತದಲ್ಲಿ ಅದು ತೀರ ಕಡಮೆಯಾದರೆ ಕೈಕಾಲು ಸೋಲುತ್ತವೆ, ಎದೆಬಡಿತ ಅಡ್ಡಾದಿಡ್ಡಿಯಾಗುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರವನ್ನು ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರಲ್ಲಿ ಈ ನಷ್ಟ ಇಮ್ಮಡಿ. ಬೇಸಗೆಯ ಬಿಸಿಲಿನಲ್ಲಿ ದಿನವೆಲ್ಲ ಕಾಯಿ ಸುಲಿದು ಬೆವರು ಹರಿಸುವ ಆಳಿಗೆ ಈ ಚಹಾ ಯಾರಾದರೂ ಕೊಟ್ಟರೆ ಆತನ ಮೂತ್ರಪಿಂಡಗಳ ಪಾಡು ಹೇಳತೀರದು.

ತೆಂಗಿನ ನಾಡಿನವರು ಇಲ್ಲಿ ಒಂದು ಮಾತನ್ನು ಎತ್ತಬಹುದು: ಪೊಟ್ಯಾಸಿಯಂ ಹೋದರೆ ಎಳನೀರಿದೆಯಲ್ಲ? ಇದೆ. ನೂರು ಮಿಲಿಲೀಟರು ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಉಂಟು. ಸೋಡಿಯಂ ಅದಕ್ಕಿಂತ ಬಹಳ ಕಡಮೆ. ಆರೋಗ್ಯವಂತನಿಗೆ ಅದು ಉತ್ತಮ ಪಾನೀಯವೇ. ಆದರೆ ಮೂತ್ರಪಿಂಡ ದುರ್ಬಲವಾದವರಲ್ಲಿ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ, ಏರಿದರೂ ಹೃದಯಕ್ಕೆ ಅಪಾಯವೇ. ಚಹಾದಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆಯೋ ಇಲ್ಲವೋ ತಿಳಿಯದೆ ಎಳನೀರಿನಿಂದ ಅದನ್ನು ಸರಿಪಡಿಸಹೊರಡುವುದು ಕತ್ತಲೆಯಲ್ಲಿ ತೂಕ ಹಾಕಿದಂತೆ.

ಉಪ್ಪಾಗೆಯ ಕಥೆ

ತೂಕ ಇಳಿಸುವ ಸಸ್ಯಗಳಲ್ಲಿ ನಮ್ಮ ನಾಡಿನದೇ ಆದ ಒಂದರ ಚರಿತ್ರೆ ಸ್ವಾರಸ್ಯವಾದುದು. ತಿಪಟೂರಿನ ಬಯಲಿನಲ್ಲಿ ಹುಳಿಗೆ ಹುಣಿಸೆಯಿದ್ದಂತೆ, ಪಶ್ಚಿಮಘಟ್ಟದ ಶಿರಸಿ, ಸಿದ್ದಾಪುರಗಳ ಕಾಡಿನಲ್ಲಿ ಉಪ್ಪಾಗೆಯಿದೆ. ಅದರ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಅಡುಗೆಯ ಹುಳಿಗೆ ಬಳಸುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ವಿಜ್ಞಾನಿಗಳು ಈ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವೆಂದು ತೋರಿಸಿದರು. ಸಕ್ಕರೆಯನ್ನು ಕೊಬ್ಬನ್ನಾಗಿ ಮಾರ್ಪಡಿಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂಬುದು ಬಳಿಕ ತಿಳಿದುಬಂದಿತು. ಇಲಿಗಳಲ್ಲಿ ಕೊಬ್ಬಿನ ಉತ್ಪತ್ತಿ ಕುಗ್ಗಿತು. ಇಷ್ಟು ಸಾಕಾಯಿತು. 1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಗೆ ಹೊರದೇಶದ ಬೇಡಿಕೆ ಹುಟ್ಟಿ, ಮಲೆನಾಡಿನ ಅಡುಗೆಮನೆಯ ವಸ್ತು ಕೊಬ್ಬು ಕರಗಿಸುವ ಗುಳಿಗೆಯಾಗಿ ಜಗತ್ತನ್ನು ಸುತ್ತಿತು.

ಆದರೆ ಇಲಿಯಲ್ಲಿ ಕಂಡುದು ಮನುಷ್ಯನಲ್ಲಿಯೂ ಕಾಣಬೇಕೆಂಬ ನಿಯಮವಿಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಉಪ್ಪಾಗೆಯ ಸಾರವನ್ನೂ ಇನ್ನೊಂದಕ್ಕೆ ಅದೇ ರೂಪದ ಬರಿಯ ಗುಳಿಗೆಯನ್ನೂ 12 ವಾರ ಕೊಟ್ಟು ನೋಡಿದರು. ಎರಡು ಗುಂಪಿಗೂ ಮಿತಾಹಾರವೇ. ಸಾರ ತಿಂದವರು ಸರಾಸರಿ 3.2 ಕಿಲೋ ಇಳಿದರು. ಏನೂ ಇಲ್ಲದ ಗುಳಿಗೆ ನುಂಗಿದವರು 4.1 ಕಿಲೋ! ಮಿತಾಹಾರ ಕೆಲಸ ಮಾಡಿತ್ತು, ಉಪ್ಪಾಗೆ ಮಾಡಿರಲಿಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಲವು ವಸ್ತುಗಳನ್ನು ಬೆರೆಸಿದ ಒಂದು ಜನಪ್ರಿಯ ತೂಕ ಇಳಿಸುವ ಮಿಶ್ರಣವನ್ನು ಬಳಸಬಾರದೆಂದು ಜನರನ್ನು ಎಚ್ಚರಿಸಿತು. ಅದರ ಕೆಲವು ಬಗೆಗಳಲ್ಲಿ ಉಪ್ಪಾಗೆಯ ಆಮ್ಲವೂ ಇತ್ತು. ಕಾಮಾಲೆಯಿಂದ ಹಿಡಿದು ಪಿತ್ತಜನಕಾಂಗವನ್ನೇ ಬದಲಿಸಬೇಕಾದ ಸ್ಥಿತಿಯವರೆಗೆ 23 ವರದಿಗಳು ಬಂದಿದ್ದವು. ಒಂದು ಸಾವೂ ಸಂಭವಿಸಿತ್ತು. ಸಾರಿಗೆ ಒಂದೆರಡು ಸಿಪ್ಪೆ ಹಾಕುವ ಶಿರಸಿಯ ಗೃಹಿಣಿ ಇದರಿಂದ ಅಂಜಬೇಕಾಗಿಲ್ಲ. ಬೇರ್ಪಡಿಸಿ ಗಟ್ಟಿಮಾಡಿದ ಸಾರವನ್ನು ತಿಂಗಳುಗಟ್ಟಲೆ ನುಂಗುವುದು ಬೇರೆ.

ಹಸಿರು ಚಹಾದಲ್ಲಿಯೂ ಇದೇ ಭೇದ. ಎಲೆಯನ್ನು ಬಿಸಿನೀರಿಗೆ ಹಾಕಿ ಕುಡಿಯುವವರಿಗೆ ದಿನಕ್ಕೆ 90ರಿಂದ 300 ಮಿಲಿಗ್ರಾಂ ಕ್ಯಾಟೆಚಿನ್ ಜಾತಿಯ ಮುಖ್ಯ ವಸ್ತು ದೊರೆಯುತ್ತದೆ. ಗುಳಿಗೆಯ ರೂಪದಲ್ಲಿ ಅದೇ ವಸ್ತು ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದಾಗ ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುವ ಸೂಚನೆಗಳಿವೆಯೆಂದು ಐರೋಪ್ಯ ಆಹಾರ ಸುರಕ್ಷಾ ಸಂಸ್ಥೆ 2018ರಲ್ಲಿ ಹೇಳಿತು. ಹತ್ತು ಜನ ಕುಡಿದರೂ ಒಬ್ಬನಿಗೆ ಮಾತ್ರ ಕಾಮಾಲೆ ಬರುವುದೇಕೆಂಬುದಕ್ಕೂ ಈಗ ಸ್ವಲ್ಪ ಉತ್ತರ ದೊರೆತಿದೆ: ಹಸಿರು ಚಹಾದ ಸಾರ, ಉಪ್ಪಾಗೆ, ಅರಿಶಿನದ ಗುಳಿಗೆ ಈ ಮೂರರಿಂದಲೂ ಪೀಡಿತರಾದವರಲ್ಲಿ ಒಂದೇ ಆನುವಂಶಿಕ ಗುರುತು ಅಸಾಮಾನ್ಯ ಪ್ರಮಾಣದಲ್ಲಿ ಕಂಡುಬಂದಿದೆ. ಆ ಗುರುತು ತಮ್ಮಲ್ಲಿದೆಯೋ ಇಲ್ಲವೋ ಎಂಬುದು ಕುಡಿಯುವವರಾರಿಗೂ ತಿಳಿದಿರುವುದಿಲ್ಲ. ಪಕ್ಕದ ಮನೆಯವರಿಗೆ ಏನೂ ಆಗಲಿಲ್ಲವೆಂಬ ಸಾಕ್ಷ್ಯ ಆದುದರಿಂದ ನಮಗೆ ಉಪಯೋಗಕ್ಕೆ ಬಾರದು.

ಬೇಲಿಯ ಮೇಲಿನ ಎರಡು ಬಳ್ಳಿಗಳು

ಅಮೃತಬಳ್ಳಿಯನ್ನು ಅರಿಯದ ಹಳ್ಳಿಯಿಲ್ಲ. 2020ರಲ್ಲಿ ಕೋವಿಡ್ ಬಂದಾಗ ರೋಗನಿರೋಧ ಶಕ್ತಿಗೆಂದು ಮನೆಮನೆಯಲ್ಲೂ ಅದನ್ನು ಕುದಿಸಿ ಕುಡಿದರು. ಆ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯ ವೈದ್ಯರು ಇದನ್ನು ಸೇವಿಸಿ ಪಿತ್ತಜನಕಾಂಗದ ಉರಿಯೂತಕ್ಕೆ ತುತ್ತಾದ ಆರು ಮಂದಿಯನ್ನು ಕಂಡು 2021ರಲ್ಲಿ ವರದಿ ಮಾಡಿದರು. ದೇಹದ ರಕ್ಷಣಾವ್ಯವಸ್ಥೆ ತನ್ನದೇ ಅಂಗದ ಮೇಲೆ ತಿರುಗಿಬಿದ್ದಂತಹ ಉರಿಯೂತವದು. ಆಯುಷ್ ಮಂತ್ರಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಎಂದು ಪರೀಕ್ಷಿಸಿಲ್ಲ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯಿದ್ದಿರಬಹುದು ಎಂದು ಆಕ್ಷೇಪಿಸಿತು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಪ್ರಕಟವಾಯಿತು. ಸೇವನೆ ಆರಂಭಿಸಿದಂದಿನಿಂದ ರೋಗಲಕ್ಷಣ ತೋರುವವರೆಗೆ ಸಂದ ಕಾಲದ ಮಧ್ಯಮಾನ 46 ದಿನ. ಲಕ್ಷಾಂತರ ಜನ ಕುಡಿದ ವಸ್ತುವಿನಿಂದ ಕೆಲವೇ ಜನರಿಗೆ ಆದ ತೊಂದರೆಯಿದು, ನಿಜ. ಆದರೆ ಮಂತ್ರಾಲಯದ ಆಕ್ಷೇಪವನ್ನೇ ಒಪ್ಪಿಕೊಂಡರೂ ಕುಡಿಯುವವನಿಗೆ ಸಮಾಧಾನವೇನು? ಬಳ್ಳಿಯ ಜಾತಿಯನ್ನು ಬೇಲಿಯಲ್ಲಿ ಗುರುತಿಸುವುದು ಕಷ್ಟವಾದರೆ, ಪುಡಿಮಾಡಿ ಚೀಲದೊಳಗಿಟ್ಟ ಮೇಲೆ ಗುರುತಿಸುವವರಾರು?

ಈ ಪ್ರಶ್ನೆಗೆ ಬೆಲ್ಜಿಯಂ ದೇಶ ಬಹಳ ದುಬಾರಿಯಾದ ಉತ್ತರವನ್ನು ಪಡೆಯಿತು. 1990ರ ದಶಕದ ಮೊದಲಲ್ಲಿ ಬ್ರಸೆಲ್ಸ್ ನಗರದ ಒಂದು ಚಿಕಿತ್ಸಾಲಯದಲ್ಲಿ ತೂಕ ಇಳಿಸಲೆಂದು ಸ್ತ್ರೀಯರಿಗೆ ಚೀನೀ ಮೂಲಿಕೆಗಳ ಪುಡಿಯನ್ನು ಕೊಡುತ್ತಿದ್ದರು. ಅದರಲ್ಲಿ ಇರಬೇಕಾಗಿದ್ದ ಬೇರು ಒಂದು. ಬಂದು ಬಿದ್ದುದು ಅರಿಸ್ಟೊಲೋಕಿಯ ಎಂಬ ಕುಲದ ಬೇರೊಂದು ಬೇರು. ಚೀನೀ ಭಾಷೆಯಲ್ಲಿ ಎರಡರ ಹೆಸರೂ ‘ಫಾಂಗ್‌ಜಿ’ ಎಂದೇ ಕೊನೆಗೊಳ್ಳುತ್ತದೆ. ಆ ಒಂದು ಹೆಸರಿನ ಗೊಂದಲದಿಂದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟುಹೋದವು. ಹಲವರಿಗೆ ಯಂತ್ರದಿಂದ ರಕ್ತಶುದ್ಧಿ ಮಾಡಿಸಿಕೊಳ್ಳುವುದೋ ಬೇರೆಯವರ ಮೂತ್ರಪಿಂಡ ಕಸಿಮಾಡಿಸಿಕೊಳ್ಳುವುದೋ ಅನಿವಾರ್ಯವಾಯಿತು. 1993ರಲ್ಲಿ ಕಾರಣ ಹೊರಬಿದ್ದ ಮೇಲೂ ಕಥೆ ಮುಗಿಯಲಿಲ್ಲ. 2000ದಲ್ಲಿ ಪ್ರಕಟವಾದ ವರದಿಯಂತೆ, ಕೆಟ್ಟ ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಕಂಡುಬಂದಿತು. ಪುಡಿ ನಿಲ್ಲಿಸಿ ವರ್ಷಗಳೇ ಕಳೆದಿದ್ದವು.

ಆ ಕುಲದ ಒಂದು ಬಳ್ಳಿ ನಮ್ಮಲ್ಲಿಯೂ ಇದೆ: ಈಶ್ವರಿ ಬಳ್ಳಿ. ಹಾವಿನ ವಿಷಕ್ಕೆಂದು ಅದರ ಬೇರನ್ನು ಹಳಬರು ಬಳಸುತ್ತಿದ್ದರು. ಕೆಂಪು ಮೈಯ, ಕಪ್ಪು ರೆಕ್ಕೆಯ ಒಂದು ಸುಂದರವಾದ ಚಿಟ್ಟೆ ತನ್ನ ಮರಿಗಳನ್ನು ಇದರ ಎಲೆಯ ಮೇಲೆಯೇ ಸಾಕುತ್ತದೆ. ಎಲೆಯ ಆಮ್ಲವನ್ನು ಮೈಯೊಳಗೆ ತುಂಬಿಕೊಂಡ ಆ ಚಿಟ್ಟೆಯನ್ನು ಹಕ್ಕಿಗಳು ಮುಟ್ಟುವುದಿಲ್ಲ. ಹಕ್ಕಿಗಿರುವ ಈ ವಿವೇಕ ಪುಡಿಯ ಪೊಟ್ಟಣ ಕೊಳ್ಳುವವನಿಗೆ ಬರುವುದು ಕಷ್ಟ, ಏಕೆಂದರೆ ಪೊಟ್ಟಣದ ಮೇಲೆ ಕೆಂಪು ಬಣ್ಣವಿರುವುದಿಲ್ಲ.

ಚೈತನ್ಯವೆಂಬ ಸಾಲ

ಇನ್ನು ಉಳಿದುದು ಚೈತನ್ಯದ ಮಾತು. ಅದು ಬಹುಮಟ್ಟಿಗೆ ಕೆಫೀನು. ಗ್ವಾರಾನ ಎಂಬ ಅಪರಿಚಿತ ಹೆಸರಿನ ಬೀಜದಲ್ಲಿರುವುದೂ ಅದೇ. ಫಿಲ್ಟರ್ ಕಾಫಿಯಲ್ಲಿ ಅಗ್ಗವಾಗಿ ದೊರೆಯುತ್ತದೆ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಇರುತ್ತದೆ. ಸಿಬುಟ್ರಮೀನ್ ಎಂಬ ಹಸಿವಡಗಿಸುವ ಔಷಧ ಹೃದಯಾಘಾತ, ಪಾರ್ಶ್ವವಾಯುಗಳನ್ನು ಹೆಚ್ಚಿಸುತ್ತದೆಂದು ತಿಳಿದು 2010ರಲ್ಲಿ ಅಮೆರಿಕ, ಯೂರೋಪುಗಳಲ್ಲಿ ಹಿಂತೆಗೆದುಕೊಂಡರು. ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು. ಆ ಬಳಿಕವೂ ‘ಶುದ್ಧ ಗಿಡಮೂಲಿಕೆ’ಯೆಂದು ಮಾರುವ ಚಹಾ, ಕಾಫಿ ಪುಡಿಗಳಲ್ಲಿ ಅದು ಗುಟ್ಟಾಗಿ ಬೆರೆತಿರುವುದನ್ನು ಹಲವು ದೇಶಗಳ ಪ್ರಯೋಗಾಲಯಗಳು ಮತ್ತೆ ಮತ್ತೆ ಪತ್ತೆಹಚ್ಚಿವೆ. ಭೇದಿಯನ್ನೂ ತಾರದೆ ಹಸಿವನ್ನು ಥಟ್ಟನೆ ಅಡಗಿಸುವ ಚಹಾ ಸಿಕ್ಕರೆ ಸಂತೋಷಪಡುವುದಕ್ಕಿಂತ ಅನುಮಾನಪಡುವುದು ಮೇಲು.

ನಿತ್ಯವೂ ಆಯಾಸವೆನ್ನುವವರಿಗೆ ಆಯಾಸವೇಕೆಂದು ಈ ಪೊಟ್ಟಣ ಕೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಥೈರಾಯ್ಡಿನ ಕುಂದು, ಸಿಹಿಮೂತ್ರರೋಗಗಳೂ ಮೊದಲು ಆಯಾಸದ ರೂಪದಲ್ಲಿಯೇ ತೋರುತ್ತವೆ. ರಕ್ತಹೀನತೆಯುಳ್ಳವಳು ಊಟದ ಬೆನ್ನಿಗೇ ಚಹಾ ಕುಡಿದರೆ ಅದರಲ್ಲಿನ ಟ್ಯಾನಿನ್ ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಹುರುಪಿಗೆಂದು ಕುಡಿದುದು ಬಳಲಿಕೆಯ ಮೂಲವನ್ನೇ ಗಟ್ಟಿಮಾಡುತ್ತದೆ.

ಕಾನೂನು ಇಲ್ಲವೇ ಎಂದರೆ, ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯಿದೆಯ ಅನುಸೂಚಿಯಲ್ಲಿ ಸ್ಥೂಲಕಾಯವೂ ಒಂದು. ಅದನ್ನು ಗುಣಪಡಿಸುವೆವೆಂದು ಔಷಧದ ಜಾಹೀರಾತು ಕೊಡುವುದು ಅಪರಾಧ. ಪೊಟ್ಟಣವನ್ನು ಔಷಧವೆನ್ನದೆ ಆಹಾರವೆಂದು ಮಾರಿದರೆ 2006ರ ಆಹಾರ ಸುರಕ್ಷತೆ ಕಾಯಿದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡವುಂಟು. ಆದರೆ ದೂರವಾಣಿಯ ತೆರೆಯ ಮೇಲೆ ಇಂದು ತೋರಿ ನಾಳೆ ಮಾಯವಾಗುವ ಮಾತನ್ನು ಹಿಡಿಯುವುದು ಸುಲಭವಲ್ಲ.

ಆದುದರಿಂದ ಎಚ್ಚರ ಮನೆಯಲ್ಲಿಯೇ ಇರಬೇಕಾಗುತ್ತದೆ. ಗರ್ಭಿಣಿಯರು, ಎಳೆಗೂಸಿಗೆ ಹಾಲೂಡುವವರು, ರಕ್ತದೊತ್ತಡ, ಹೃದಯ, ಮೂತ್ರಪಿಂಡಗಳ ತೊಂದರೆಯಿದ್ದು ಗುಳಿಗೆ ತೆಗೆದುಕೊಳ್ಳುವವರು ಇವನ್ನು ದೂರವಿಡಬೇಕು. ಗರ್ಭನಿರೋಧದ ಗುಳಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ ಬಿರುಸಾದ ಭೇದಿಯಾದರೆ ಗುಳಿಗೆ ಮೈಗೆ ಹತ್ತದೆ ಹೋಗಬಹುದೆಂಬುದು ಹಲವರಿಗೆ ತಿಳಿಯದು. ಕುಡಿಯುತ್ತಿರುವವರಿಗೆ ಕಣ್ಣು ಹಳದಿಯಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ಮೈ ಕಡಿದರೆ, ಹಸಿವಡಗಿ ವಾಕರಿಕೆ ಬಂದರೆ ಅಂದೇ ನಿಲ್ಲಿಸಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಬೇಗನೆ ನಿಲ್ಲಿಸಿದವರಲ್ಲಿ ಬಹುಮಂದಿಯ ಪಿತ್ತಜನಕಾಂಗ ಕೆಲವು ವಾರ, ತಿಂಗಳುಗಳಲ್ಲಿ ಮೊದಲಿನಂತಾಗುತ್ತದೆ. ಏನು ಔಷಧ ತೆಗೆದುಕೊಳ್ಳುತ್ತೀರಿ ಎಂದು ವೈದ್ಯರು ಕೇಳಿದಾಗ ನಮ್ಮ ಜನ ಚಹಾವನ್ನು ಹೇಳುವುದಿಲ್ಲ. ಅದು ಔಷಧವೆಂದು ಅವರಿಗೆ ತೋರುವುದೇ ಇಲ್ಲ. ಕೇಳದಿದ್ದರೂ ಹೇಳಬೇಕು. ಅರ್ಧ ಉಳಿದ ಪೊಟ್ಟಣವನ್ನು ಎಸೆಯದೆ ಜೊತೆಗೆ ಕೊಂಡೊಯ್ಯಬೇಕು. ಆಯುರ್ವೇದ ಮುಂತಾದ ಪದ್ಧತಿಗಳ ಔಷಧಗಳ ದುಷ್ಪರಿಣಾಮವನ್ನು ದಾಖಲಿಸಲು ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥಾನವನ್ನು ಕೇಂದ್ರವಾಗಿಟ್ಟುಕೊಂಡ ಒಂದು ವ್ಯವಸ್ಥೆ ದೇಶದಲ್ಲಿದೆ. ಪೊಟ್ಟಣದ ಮೇಲಿನ ತಯಾರಕರ ಹೆಸರು, ತಂಡದ ಸಂಖ್ಯೆ, ತಯಾರಾದ ದಿನಾಂಕ ಇವಿದ್ದರೆ ವೈದ್ಯರು ಅಲ್ಲಿಗೆ ಬರೆದು ಕಳುಹಿಸಬಹುದು.